ಟಾರ್ಚಿನಲ್ಲಿ ಅಲುಗಾಡುವ ಸೆಲ್ಲು



ಕಣದಲ್ಲಿ ಕಾಫಿ ಕಾಯುವವರು, ರಾತ್ರಿ ಪಂಪು ನೋಡುವವರು, ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತವರು, ಇವರೆಲ್ಲರ ಕೈಯಲ್ಲೂ ಟಾರ್ಚು ಇರಲೇಬೇಕು. ಹಾವು, ಹಂದಿ, ಆನೆಗಳ ಭಯವಿರುವ ನಮ್ಮ ಸೀಮೆಯಲ್ಲಿ ಅದು ಕತ್ತಿಯಷ್ಟೇ ಅಗತ್ಯದ ವಸ್ತು. ಒಂದೂವರೆ ವೋಲ್ಟಿನ ದಪ್ಪ ಸೆಲ್ಲುಗಳಿದ್ದ ಜಾಗಕ್ಕೆ ಈಗ ಚಾರ್ಜು ಮಾಡುವ ಲಿಥಿಯಂ ಸೆಲ್ಲುಗಳು ಬಂದಿವೆ. ಬಂದದ್ದು ಒಳ್ಳೆಯದೇ. ಆದರೆ ಹಳೆಯ ಸೆಲ್ಲಿನೊಡನೆ ನಡೆದುಹೋಗುತ್ತಿದ್ದ ಅಸಡ್ಡೆ ಇವುಗಳೊಡನೆ ನಡೆಯದು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ.

ಸೆಲ್ಲಿನ ಮೇಲೆ 18650 ಎಂದು ಅಚ್ಚಾಗಿದ್ದರೆ ಅದರ ದಪ್ಪ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್ ಎಂದರ್ಥ. 21700 ಎಂದಿದ್ದರೆ 21 ಮತ್ತು 70. ದಪ್ಪ ಸೆಲ್ಲಿಗೆಂದು ಮಾಡಿದ ಟಾರ್ಚಿಗೆ ಸಣ್ಣದನ್ನು ಹಾಕಿದಾಗ ಅದು ಗಡಗಡ ಅಲುಗಾಡುತ್ತದೆ, ಬೆಳಕು ಹೋಗಿ ಬಂದು ಮಾಡುತ್ತದೆ. ಆಗ ಕೈಗೆ ಸಿಕ್ಕಿದ್ದನ್ನು ಸುತ್ತಿ ತುರುಕುವುದು ನಮ್ಮಲ್ಲಿ ರೂಢಿ. ಸುತ್ತುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಏನನ್ನು, ಹೇಗೆ ಸುತ್ತುತ್ತೇವೆ ಎಂಬುದೇ ಮುಖ್ಯ.

ಈ ಸೆಲ್ಲಿನ ತಳ ಮಾತ್ರವಲ್ಲ, ಲೋಹದ ಮೈಯೆಲ್ಲವೂ ಮೈನಸ್. ಮೇಲ್ತುದಿಯ ನಡುವಿನ ಗುಂಡಿಯೊಂದೇ ಪ್ಲಸ್. ಇವೆರಡರ ನಡುವೆ ಇರುವ ಅಂತರ ಅತ್ಯಲ್ಪ. ಅದನ್ನು ಕಾಯುವುದು ಒಂದು ತೆಳು ಪ್ಲಾಸ್ಟಿಕ್ ಸಿಪ್ಪೆ ಮತ್ತು ಒಂದು ಪುಟ್ಟ ಬಿಲ್ಲೆ. ಮೇಲ್ತುದಿಯ ಅಂಚಿನಲ್ಲಿ ಸಿಪ್ಪೆ ಹರಿದು, ಲೋಹದ ಚೂರೊಂದು ಎರಡನ್ನೂ ಮುಟ್ಟಿದರೆ ಹತ್ತಾರು ಆಂಪಿಯರ್ ವಿದ್ಯುತ್ತು ಒಮ್ಮೆಲೇ ಹರಿಯುತ್ತದೆ. ಎರಡು ಸೆಲ್ಲುಗಳನ್ನು ಒಂದರ ಹಿಂದೊಂದು ಹಾಕುವ ಟಾರ್ಚಿನಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ಟಾರ್ಚಿನ ಅಲ್ಯೂಮಿನಿಯಂ ಮೈ ಸಾಮಾನ್ಯವಾಗಿ ಹಿಂದಿನ ಸೆಲ್ಲಿನ ಮೈನಸ್‌ಗೆ ಸೇರಿರುತ್ತದೆ. ಮುಂದಿನ ಸೆಲ್ಲಿನ ಬರಿಮೈ ಅದಕ್ಕೆ ತಗುಲಿದರೆ ಹಿಂದಿನ ಸೆಲ್ಲು ಶಾರ್ಟ್ ಆಗುತ್ತದೆ. ನೀರು ನುಗ್ಗದಂತೆ ಬಿಗಿ ಮಾಡಿದ ಟಾರ್ಚಿನಲ್ಲಿ ಕಾದ ಅನಿಲ ಹೊರಹೋಗಲು ದಾರಿಯಿರದೆ ಅದು ಸಿಡಿಯಲೂಬಹುದು. ಹಿಡಿದವರ ಕೈ, ಕಣ್ಣುಗಳ ಗತಿಯೇನು?

ಆದ್ದರಿಂದ ಸಿಗರೇಟು ಪೊಟ್ಟಣದ ಹೊಳೆಯುವ ಹಾಳೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಇವನ್ನು ಎಂದಿಗೂ ಸುತ್ತಬಾರದು. ಉದ್ದ ಸಾಲದೆಂದು ನಾಣ್ಯ, ತಗಡು, ಹಾಳೆಯ ಉಂಡೆಗಳನ್ನು ತುದಿಗೆ ತುರುಕಬಾರದು. ಕಾಗದ ಒಣಗಿದ್ದಾಗ ಅಡ್ಡಿಯಿಲ್ಲ, ಆದರೆ ನಮ್ಮ ಜೂನ್ ಜುಲೈ ತಿಂಗಳ ಥಂಡಿಗೆ ಅದು ತೇವ ಹೀರಿ ಉಬ್ಬಿ, ಸೆಲ್ಲು ಹೊರಬಾರದಂತೆ ಕಚ್ಚಿಕೊಳ್ಳುತ್ತದೆ. ಫೈಲಿನ ಹೊದಿಕೆಯಂಥ ತೆಳು ಪ್ಲಾಸ್ಟಿಕ್ ಹಾಳೆ ಮೇಲು. 18650 ಸೆಲ್ಲಿಗಾದರೆ 60 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ, ಎರಡು ತುದಿಯೂ ತೆರೆದಿರುವಂತೆ ಸುತ್ತಿ, ಅಂಚಿಗೆ ಟೇಪು ಹಚ್ಚಿದರೆ ಸಾಕು. ಪ್ಲಸ್ ಗುಂಡಿಯ ಸುತ್ತ ಅನಿಲ ಹೊರಬರುವ ರಂಧ್ರಗಳಿರುವುದರಿಂದ ಅಲ್ಲಿ ಟೇಪು, ಅಂಟು ಏನೂ ಬೇಡ. ಟಾರ್ಚನ್ನು ಬಗ್ಗಿಸಿದರೆ ಸೆಲ್ಲು ತಾನಾಗಿ ಜಾರಿ ಬರಬೇಕು, ಅಷ್ಟು ಸಡಿಲವಿರಲಿ. ಹಲವು ಟಾರ್ಚುಗಳ ಜೊತೆಗೇ ಇದಕ್ಕೆಂದು ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆ. ರಟ್ಟಿನ ಪೆಟ್ಟಿಗೆಯೊಂದಿಗೆ ಅದನ್ನೂ ಒಲೆಗೆ ಹಾಕುವವರೇ ಹೆಚ್ಚು!

ಒಂದು ಮಾತು ನೆನಪಿರಲಿ. ಸುತ್ತು ಸಡಿಲಕ್ಕೆ ಮದ್ದೇ ಹೊರತು ಹರಿದ ಸಿಪ್ಪೆಗೆ ಮದ್ದಲ್ಲ. ಸಿಪ್ಪೆ ಹರಿದ, ಜಜ್ಜಿದ, ಊದಿದ, ಚಾರ್ಜಿಗಿಟ್ಟಾಗ ಕೈಸುಡುವ ಸೆಲ್ಲನ್ನು ಬಳಕೆಯಿಂದ ತೆಗೆದುಬಿಡಿ. ತುದಿಗಳಿಗೆ ಟೇಪು ಹಚ್ಚಿ, ಹಳೆಯ ಬ್ಯಾಟರಿ ಸಂಗ್ರಹಿಸುವವರಿಗೆ ಒಪ್ಪಿಸಿ. ತಿಪ್ಪೆಗಾಗಲಿ ಕಾಫಿ ಹೊಟ್ಟಿನ ರಾಶಿಯ ಬಳಿಗಾಗಲಿ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆ ತಯಾರಕರ ಮೇಲಿದೆ.

ಇದೆಲ್ಲ ಟಾರ್ಚು ಹಿಡಿಯುವವರ ಪಾಡು ಎಂದು ಯಾರಾದರೂ ಅಂದುಕೊಂಡರೆ ನಮಗೆ ಒಪ್ಪಿಗೆಯಿಲ್ಲ. ಮನೆಗೆ ಹೊಸ ಟಾರ್ಚು ಬಂದಾಗ ಹಳೆಯದು, ಅದರ ಜೊತೆಗೆ ಹೊಂದಿಕೆಯಾಗದ ಒಂದೆರಡು ಸೆಲ್ಲು, ಲೈನಿಗೆ ಹೋಗುವುದು ನಾವೆಲ್ಲ ಕಂಡ ಸಂಗತಿ. ಕೊಟ್ಟವರು ಮರೆಯುತ್ತಾರೆ, ಪಡೆದವರು ಕೇಳಲು ಸಂಕೋಚಪಡುತ್ತಾರೆ. ಸ್ಪ್ರೇ ಮಾಡುವವರ ಕೈಗೆ ಸೋರುವ ಪಂಪು ಕೊಡುವುದಿಲ್ಲವಲ್ಲ, ಇದೂ ಹಾಗೆಯೇ. ಮಳೆ ಹಿಡಿಯುವ ಮುನ್ನ ತೋಟದ ಟಾರ್ಚುಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ತರಿಸಿ, ಸೆಲ್ಲು ಹೊರತೆಗೆದು ನೋಡಿರೆಂದು ಸದಸ್ಯರಲ್ಲಿ ವಿನಂತಿ. ಸಂಘದ ಮಳಿಗೆಯಲ್ಲಿ ಟಾರ್ಚು ಮಾರುವಾಗ ಅದಕ್ಕೆ ಸರಿಹೊಂದುವ ಅಳತೆಯ ಸೆಲ್ಲನ್ನೇ ಕೊಡಬೇಕೆಂಬ ಸಲಹೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡಲಿದ್ದೇವೆ. ಸದಸ್ಯರ ಅಭಿಪ್ರಾಯಗಳಿಗೆ ಸ್ವಾಗತ.

— ಕಾರ್ಯದರ್ಶಿ