ಅಕ್ಷರ ಬೆರಳಿನದು, ಕಿವಿಯದಲ್ಲ

ಫೋನೇ ಎಲ್ಲವನ್ನೂ ಓದಿ ಹೇಳುವಾಗ ಅಂಧ ಮಕ್ಕಳಿಗೆ ಬ್ರೈಲ್ ಯಾಕೆ? ಈ ಪ್ರಶ್ನೆ ಹೊಸದೆನಿಸಿದರೂ ಅದರ ಹಿಂದಿನ ಧೋರಣೆ ಹಳೆಯದು. ಪ್ಯಾರಿಸ್‌ನಲ್ಲಿ 1785ರಲ್ಲಿ ಅಂಧರಿಗೆ ಶಾಲೆ ತೆರೆದ ವ್ಯಾಲೆಂಟಿನ್ ಹೌಯಿ ದೊಡ್ಡ ಮನಸ್ಸಿನವನೇ. ಆದರೆ ಅವನು ಮಕ್ಕಳ ಕೈಗಿತ್ತದ್ದು ಕಾಗದದ ಮೇಲೆ ಉಬ್ಬಿಸಿದ ರೋಮನ್ ಅಕ್ಷರ. ನೋಡುವವರಿಗೆ ಅದು ಸಲೀಸು. ಮುಟ್ಟುವವರು ಒಂದೊಂದು ಅಕ್ಷರದ ಅಂಚನ್ನೂ ಸವರಿ ಗುರುತಿಸಬೇಕು, ಸ್ವತಃ ಬರೆಯುವುದಂತೂ ದೂರದ ಮಾತು. ಅದೇ ಶಾಲೆಗೆ ಬಂದ ಲೂಯಿ ಬ್ರೈಲ್, ಕುದುರೆ ಜೀನು ಹೊಲಿಯುವವನ ಮಗ. ಚಾರ್ಲ್ಸ್ ಬಾರ್ಬಿಯೆ ರೂಪಿಸಿದ್ದ 12 ಚುಕ್ಕಿಗಳ ಬರಹವನ್ನು ಅವನು ಆರಕ್ಕೆ ಇಳಿಸಿದ. ಇಡೀ ಅಕ್ಷರ ಬೆರಳ ತುದಿಯಡಿ ಕೂರುವಂತೆ ಮಾಡಿ 1829ರಲ್ಲಿ ಪ್ರಕಟಿಸಿದ. ಮಕ್ಕಳು ಅದನ್ನು ಹಚ್ಚಿಕೊಂಡರು, ದೊಡ್ಡವರಿಗೆ ರುಚಿಸಲಿಲ್ಲ. ಕಣ್ಣಿದ್ದವರು ಓದಲಾಗದ ಲಿಪಿ ಅಂಧರನ್ನು ಸಮಾಜದಿಂದ ಬೇರೆ ಮಾಡುತ್ತದೆ ಎಂಬುದು ದೂರು. 1840ರ ದಶಕದಲ್ಲಿ ಶಾಲೆಯ ಮುಖ್ಯಸ್ಥ ಅದನ್ನು ನಿಷೇಧಿಸಿದ್ದೂ ಉಂಟು. ಶಾಲೆ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಆಗಲೇ ಎರಡು ವರ್ಷ. ಓದುಗನಿಗೆ ಏನು ಬೇಕೆಂದು ಓದುಗನನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುವ ಆ ಚಾಳಿಯೇ ಈಗ ಫೋನಿನ ನೆಪದಲ್ಲಿ ಮರಳಿದೆ.

ಕೇಳಿ ಕಲಿಯುವುದು ಕೀಳಲ್ಲ. ಸಾವಿರಾರು ಸಾಲಿನ ಮಹಾಕಾವ್ಯಗಳನ್ನು ಬಾಯಲ್ಲೇ ಉಳಿಸಿಕೊಂಡ ನಾಡು ನಮ್ಮದು. ಆದರೆ ಕಿವಿಯಿಂದ ಕಾಗುಣಿತ ಬರುವುದಿಲ್ಲ. ‘ವಿಶೇಷ’ ಎಂಬ ಪದವನ್ನು ಯಂತ್ರದ ದನಿಯಲ್ಲಿ ಕೇಳಿ ನೋಡಿ, ಶ ಯಾವುದು, ಷ ಯಾವುದು? ಬ್ರೈಲಿನಲ್ಲಿ ಎರಡಕ್ಕೂ ಬೇರೆ ಬೇರೆ ಚುಕ್ಕಿಗಳಿವೆ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವೆಂದು 1951ರಲ್ಲಿ ಒಪ್ಪಿತವಾದ ಭಾರತೀ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗಿಳಿಯದೆ ಸಾಲಿನಲ್ಲೇ ಬರುತ್ತದೆ. ‘ಕನ್ನಡ’ಕ್ಕೆ ಆರು ಚುಕ್ಕಿಗಳ ಐದು ಮನೆ ಬೇಕು: ಕ, ಒತ್ತು ಬರಲಿದೆ ಎಂದು ಹೇಳುವ ಒಂಟಿ ಚುಕ್ಕಿ, ಎರಡು ನ, ಕೊನೆಗೆ ಡ. ಬ್ರೈಲ್ ಸ್ಲೇಟಿನಲ್ಲಿ ಹಾಳೆ ಇಟ್ಟು ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದುವ ಮಗುವಿನ ಬೆರಳು ಆ ಒಂಟಿ ಚುಕ್ಕಿಯನ್ನು ತಪ್ಪಿಸಿಕೊಳ್ಳುವಂತಿಲ್ಲ.

ಬ್ರೈಲ್ ಪುಸ್ತಕ ದಪ್ಪ, ದುಬಾರಿ ಎಂಬ ಆಕ್ಷೇಪ ನಿಜ. ಒಂದು ಪಠ್ಯಪುಸ್ತಕ ಹಲವು ಸಂಪುಟವಾಗುತ್ತದೆ. ಚುಕ್ಕಿಗಳು ಎದ್ದಿಳಿಯುವ ವಿದ್ಯುನ್ಮಾನ ಪಟ್ಟಿ ಈ ಹೊರೆಯನ್ನು ಇಳಿಸಬಲ್ಲದು, ಅದೂ ಅಗ್ಗವೇನಲ್ಲ. ಅರವತ್ತರಲ್ಲಿ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋದವರಿಗೆ ಆಡಿಯೊವೇ ಆಸರೆ ಎಂಬುದನ್ನೂ ಒಪ್ಪೋಣ. ಆದರೆ ಅವರು ಅಕ್ಷರ ಕಲಿತು ಆಗಿದೆ, ಆರರ ಮಗು ಕಲಿತಿಲ್ಲ. ಕಣ್ಣಿರುವ ಮಕ್ಕಳಿಗೂ ಆಡಿಯೊ ಪುಸ್ತಕ ಸಿಗುತ್ತದೆ. ಹಾಗೆಂದು ಒಂದನೇ ತರಗತಿಯಲ್ಲಿ ಅ ಆ ಇ ಈ ತಿದ್ದಿಸುವುದನ್ನು ಯಾರೂ ಬಿಟ್ಟಿಲ್ಲ. ಬ್ರೈಲ್ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಿಕೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಮುಂದಿನ ಶಿಕ್ಷಕರ ನೇಮಕಾತಿ ಅಧಿಸೂಚನೆಯಲ್ಲಿ ಆ ಹುದ್ದೆಗಳೂ ಇರಲಿ.