ಸುಟ್ಟ ಕೈಗೆ ಮೊದಲು ತಣ್ಣೀರು
ನಾಸಿಕ, ಛತ್ರಪತಿ ಸಂಭಾಜಿನಗರಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಕಾದ ಎಣ್ಣೆಯಿಂದಲೋ ದೋಸೆಯ ಕಾವಲಿಯಿಂದಲೋ ಕೈ ಸುಡುವುದು ಹೊಸತಲ್ಲ. ಸುಟ್ಟೊಡನೆ ಶಾಯಿ, ತುಪ್ಪ, ಟೂತ್‌ಪೇಸ್ಟ್ ಬಳಿಯುವ ರೂಢಿ ಅಪಾಯಕರವಾದುದು. 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು, ಬೊಬ್ಬೆಯನ್ನು ಒಡೆಯದೆ, ಶುಭ್ರ ಬಟ್ಟೆ ಹೊದಿಸಬೇಕು. ಗಾಯ ದೊಡ್ಡದಾದರೆ ನಾಸಿಕದ ಸಿವಿಲ್ ಆಸ್ಪತ್ರೆಗಾಗಲಿ, ಸಂಭಾಜಿನಗರದ ಘಾಟಿ ಆಸ್ಪತ್ರೆಗಾಗಲಿ ತಡಮಾಡದೆ ಸಾಗಿಸಬೇಕು. ಗಿರಾಕಿಗಳ ಗದ್ದಲ ಮುಗಿಯಲೆಂದು ತಡೆಯುವುದು ಮಾಲಿಕರಿಗೆ ಶೋಭಿಸದು.

1952ರಲ್ಲಿ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆಯು, 10 ಮಂದಿ ದುಡಿಯುವ ಹೋಟೆಲುಗಳಿಗೂ ಅನ್ವಯಿಸುತ್ತದೆ. ಕೆಲಸದಲ್ಲಿ ಗಾಯಗೊಂಡ ವಿಮಾದಾರನಿಗೆ ಚಿಕಿತ್ಸೆಯೊಡನೆ, ದುಡಿಯಲಾಗದ ದಿನಗಳಿಗೆ ವೇತನದ ಶೇಕಡ 90ರಷ್ಟು ಸಲ್ಲುತ್ತದೆ. ಅಡಿಗೆಮನೆಯ ಸೋದರರ ಹೆಸರು ಅದರಲ್ಲಿ ನೋಂದಣಿಯಾಗಿದೆಯೇ ಎಂದು ನಮ್ಮ ಗುಮಾಸ್ತ ಬಂಧುಗಳು ವಿಚಾರಿಸಿ, ಇಲ್ಲದಿದ್ದಲ್ಲಿ ಮಾಲಿಕರಿಂದ ಮಾಡಿಸಬೇಕೆಂದು ನಾವು ವಿನಂತಿಸುತ್ತೇವೆ. ದುಡಿಯುವ ಕೈ ಉಳಿದರಷ್ಟೇ ಊರಿನ ಮನೆಯ ಒಲೆ ಉರಿದೀತು.