ಮೀನಿನ ಬಾಯಿ, ಗಾಳದ ಕೋಲು

ನಾಸಿಕದ ಉತ್ತರಕ್ಕಿರುವ ದಿಂಡೋರಿಯ ಹೆಸರನ್ನು ಕನ್ನಡನಾಡಿನ ಇತಿಹಾಸವನ್ನು ಓದಿದವರು ರಾಷ್ಟ್ರಕೂಟರ ಪ್ರಸಂಗದಲ್ಲಿ ಕೇಳಿರಬಹುದು. ಶಕವರ್ಷ 730ರ ಉಲ್ಲೇಖವುಳ್ಳ ಮುಮ್ಮಡಿ ಗೋವಿಂದನ ತಾಮ್ರಪಟಗಳು ದೊರೆತದ್ದು ಆ ತಾಲ್ಲೂಕಿನ ವಣಿ ಎಂಬ ಊರಿನಲ್ಲಿ. ಈಗ ಆ ಸೀಮೆಯು ದ್ರಾಕ್ಷಿಗೂ ಜಲಾಶಯಗಳಿಗೂ ಪ್ರಸಿದ್ಧ. ಕಾದವಾ ನದಿಯ ಕರಂಜವಣ, ಪಾಲಖೇಡ ಮೊದಲಾದ ಅಣೆಕಟ್ಟುಗಳ ಏರಿಯ ಮೇಲೆ ಬಿದಿರುಗಳ ಹಿಡಿದು, ಬೆಂಡಿನ ಮೇಲೆ ದೃಷ್ಟಿಯಿಟ್ಟು, ಮಧ್ಯಾಹ್ನದ ಬಿಸಿಲನ್ನು ಲೆಕ್ಕಿಸದೆ ಕುಳಿತ ಹುಡುಗರನ್ನು ಕಂಡವರಿಗೆ ಅವರ ಪಾಲಿಗೆ ಕಾಲವೆಂಬುದು ಇದೆಯೇ ಎಂಬ ಸಂದೇಹ ಬಾರದಿರದು. ಅಲ್ಲಿಯ ಮಿತ್ರರೊಬ್ಬರ ಮಗ ಅಮೆರಿಕದಿಂದ ಮರಳುವಾಗ ತಂದ ಎಂಟೂವರೆ ಅಡಿಯ ಕೋಲನ್ನು ನನ್ನ ಮುಂದಿಟ್ಟು, “ಕಾಕಾ, ಇದು ಮಸ್ಕಿ ಮೀನಿನದು, ನಮ್ಮ ನೀರಿಗೆ ನಡೆಯುತ್ತದೆಯೇ?” ಎಂದು ಕೇಳಿದ. ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯಲ್ಲ ಅದು.

ಮಸ್ಕಿಯೆಂಬುದು ಉತ್ತರ ಅಮೆರಿಕದ ಸರೋವರಗಳಲ್ಲಿಯೂ ನದಿಗಳಲ್ಲಿಯೂ ಒಂಟಿಯಾಗಿ ಹೊಂಚುಹಾಕಿ ಬದುಕುವ, ನೀಳದೇಹದ, ಕ್ರೂರದಂತಗಳ ಮತ್ಸ್ಯ. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ದೊರೆಯುವುದೆಂಬ ಮಾತು ಅದನ್ನು ಹಿಡಿಯುವವರಲ್ಲಿ ಗಾದೆಯಾಗಿಬಿಟ್ಟಿದೆ. ಈ ಮೀನು ಹುಸಿಮೀನನ್ನು ದೋಣಿಯ ಪಕ್ಕದವರೆಗೂ ಹಿಂಬಾಲಿಸಿ ಬಂದು, ಕಚ್ಚಲೋ ಬೇಡವೋ ಎಂದು ಶಂಕಿಸುತ್ತ ನಿಲ್ಲುವ ಸ್ವಭಾವದ್ದಾದುದರಿಂದ, ಹಿಡಿಯುವವನು ಕೋಲಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಎಂಟರ ಅಂಕಿಯಂತೆ ವಿಶಾಲವಾಗಿ ಸುತ್ತಿಸಿ ಅದರ ಸಂಶಯವನ್ನು ನೀಗಿಸಬೇಕಾಗುತ್ತದೆ. ಗಿಡ್ಡ ಕೋಲಿನಿಂದ ಆ ಸುತ್ತು ಕಿರಿದಾಗಿ, ಗಜದುದ್ದದ ಮೀನು ಅದರೊಳಗೆ ತಿರುಗಲಾರದೆ ಹೊರಟುಹೋಗುತ್ತದೆ. ಎಂಟು-ಒಂಬತ್ತು ಅಡಿಯ ಉದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ನೂಲಿನ ತುದಿಗೆ ಕಟ್ಟುವ ಉಕ್ಕಿನ ತಂತಿಗೆ ಕಾರಣ ಆ ಹಲ್ಲುಗಳು. ಹೆಣೆದ ದಪ್ಪ ದಾರಕ್ಕೆ ಕಾರಣ, ಗೇಣಿಗೂ ಮೀರಿದ ಭಾರವಾದ ಹುಸಿಮೀನುಗಳನ್ನು ದಿನವೆಲ್ಲ ಬೀಸಬೇಕಾದ ಶ್ರಮ. ಹೀಗೆ ಆ ಸಲಕರಣೆಯ ಒಂದೊಂದು ಅಂಗವೂ ಮೀನಿನ ಒಂದೊಂದು ಗುಣಕ್ಕೆ ಕೊಟ್ಟ ಪ್ರತ್ಯುತ್ತರವಾಗಿದೆ. ಮೀನನ್ನು ಬದಲಿಸಿದಿರೋ, ಉತ್ತರಗಳೆಲ್ಲ ಉಳಿದು ಪ್ರಶ್ನೆಗಳೇ ಮಾಯವಾದಂತೆ.

ನಮ್ಮ ದಖ್ಖನ್ನಿನ ಹೊಳೆಗಳಲ್ಲಿ ಮಸ್ಕಿಯ ಗೌರವಕ್ಕೆ ಸಮಾನವಾದ ಸ್ಥಾನವನ್ನು ಪಡೆದಿರುವುದು ಮಹಸೀರ್. ಇದರ ದಖ್ಖನೀ ಜಾತಿಯನ್ನು ಕರ್ನಲ್ ಸೈಕ್ಸ್ ಎಂಬವನು 1839ರಲ್ಲಿ ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನಿನಿಂದ ಶಾಸ್ತ್ರೀಯವಾಗಿ ವರ್ಣಿಸಿದ. ಕಾವೇರಿಯಲ್ಲಿ ಇದಕ್ಕಿಂತಲೂ ದೈತ್ಯವಾದ, ಗೂನುಬೆನ್ನಿನ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಇನ್ನೊಂದು ಜಾತಿಯಿದೆ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡು ತೂಕದ ಮಹಸೀರಿನ ದಾಖಲೆ ಇಂದಿಗೂ ಮೀನುಗಾರರ ಬಾಯಲ್ಲಿದೆ.

ಈ ಮೀನಿನ ಬಾಯಿಯನ್ನು ತೆರೆದು ನೋಡಿದವರು ಆಶ್ಚರ್ಯಪಡುವರು: ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ದಪ್ಪ, ಮೃದು, ಮಾಂಸಲವಾದ ತುಟಿಗಳು, ನೋಡಿದರೆ ಪರಮಸಾಧು. ಆದರೆ ಗಂಟಲಿನೊಳಗೆ, ಕಿವಿರುಗಳ ಹಿಂದೆ, ಬಸವನಹುಳುವಿನ ಚಿಪ್ಪನ್ನೂ ಏಡಿಯನ್ನೂ ಪುಡಿಮಾಡಬಲ್ಲ ಹಲ್ಲುಗಳ ಸಾಲು ಅಡಗಿಕೊಂಡಿದೆ. ಕಳಪೆ ಕೊಕ್ಕೆಯೊಂದು ಅಲ್ಲಿಗೆ ಸಿಕ್ಕಿದರೆ ನುಗ್ಗಾಗುವುದು ನಿಶ್ಚಯ. ಆದುದರಿಂದ ಮಸ್ಕಿಗೆ ಬೇಕಾದ ಉಕ್ಕಿನ ತಂತಿ ಇದಕ್ಕೆ ಬೇಡ. ಇದಕ್ಕೆ ಬೇಕಾದುದು ಬಾಗದ, ಮುರಿಯದ ಒಂಟಿ ಕೊಕ್ಕೆ. ಇನ್ನು ನೂಲಿಗೆ ಶತ್ರು ಮೀನಿನ ಹಲ್ಲಲ್ಲ, ಹೊಳೆಯ ಬಂಡೆ. ಕೊಕ್ಕೆ ನಾಟಿದೊಡನೆ ಮಹಸೀರು ಮಾಡುವ ಮೊದಲ ಕೆಲಸವೆಂದರೆ ಹರಿವಿನ ಜೊತೆಗೆ ಸೇರಿಕೊಂಡು, ಒಂದು ಮಡುವಿನಿಂದ ಇನ್ನೊಂದು ಮಡುವಿಗೆ, ಬಂಡೆಗಳ ಸಂದಿಯಲ್ಲಿ ನುಗ್ಗಿ ಧಾವಿಸುವುದು. ಆಗ ಇನ್ನೂರು ಮೀಟರಿಗೆ ಕಡಿಮೆಯಿಲ್ಲದ ನೂಲು ರೀಲಿನಲ್ಲಿರಬೇಕು, ಅದು ಕಲ್ಲಿಗೆ ಉಜ್ಜಿದರೂ ಎಳೆ ಬಿಡಬಾರದು. ಇಲ್ಲದಿದ್ದರೆ ಹರಿಗೋಲಿನಲ್ಲಿ ಹಿಂದೆ ಹೋಗುವುದೊಂದೇ ಗತಿ, ಕಾವೇರಿ ತೀರದಲ್ಲಿ ಹಾಗೆ ಹೋದವರೂ ಬಹಳ. ಎರೆಯಾದರೋ ನಮ್ಮ ಅಡುಗೆಮನೆಯದೇ: ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಸೆಳವಿಗೂ ಸಣ್ಣ ಮೀನುಗಳ ಕುಟುಕಿಗೂ ಕರಗದಷ್ಟು ಬಿಗಿಮಾಡಿ ಕೊಕ್ಕೆಗೆ ಅಮುಕುವುದು. ಸಮುದ್ರ ದಾಟಿ ಬಂದ ದೊರೆಗಳು ಬೆಳ್ಳಿಯ ಚಮಚದಂತೆ ಹೊಳೆಯುವ ಲೋಹದ ತಗಡುಗಳನ್ನು ತಂದರೂ ಕೊನೆಗೆ ಅನೇಕರು ಶರಣಾದದ್ದು ರಾಗಿಗೆ ಎಂಬುದರಲ್ಲಿ ನನಗೆ ಸ್ವಲ್ಪ ಪ್ರಾದೇಶಿಕ ಅಭಿಮಾನವಿಲ್ಲದಿಲ್ಲ.

ಕೋಲಿನ ವಿಷಯದಲ್ಲಿ ಸಾಮಾನ್ಯವಾಗಿ ಒಂದು ಭ್ರಾಂತಿಯಿದೆ. ಕೋಲು ಉದ್ದವಾದಷ್ಟೂ ಹಿಡಿದವನಿಗೆ ಬಲ ಹೆಚ್ಚೆಂದು ಜನ ಭಾವಿಸುತ್ತಾರೆ. ಸನ್ನೆಗೋಲಿನ ನ್ಯಾಯದಂತೆ ನೋಡಿದರೆ ವಸ್ತುಸ್ಥಿತಿ ತದ್ವಿರುದ್ಧ: ನಮ್ಮ ಎರಡು ಕೈಗಳ ನಡುವೆ ಇರುವುದು ಒಂದಡಿ, ಮೀನಿನ ಕಡೆಗೆ ಚಾಚಿರುವುದು ಏಳೆಂಟು ಅಡಿ, ಅನುಕೂಲವೆಲ್ಲ ಮೀನಿನದು. ಹಾಗಾದರೆ ಕೋಲೇಕೆ ಎಂದರೆ, ಬಾಗಲಿಕ್ಕಾಗಿ. ಹಠಾತ್ತಾದ ಎಳೆತವನ್ನು ತನ್ನ ಬಾಗಿನಲ್ಲಿ ಅಡಗಿಸಿಕೊಂಡು ನೂಲು ತುಂಡಾಗದಂತೆ ಕಾಯುವುದು, ಎರೆಯನ್ನು ದೂರಕ್ಕೆ ಎಸೆಯುವುದು, ನೂಲನ್ನು ಬಂಡೆಗಳಿಗಿಂತ ಎತ್ತರಕ್ಕೆ ಎತ್ತಿ ಹಿಡಿಯುವುದು, ಇವೇ ಅದರ ಪ್ರಯೋಜನ. ರೀಲಿನ ಬಿಗಿತವನ್ನು ನೂಲಿನ ತಾಳಿಕೆಯ ಮೂರನೆಯ ಒಂದು ಪಾಲಿಗೆ ಮೀರಿಸಬಾರದೆಂಬ ವಾಡಿಕೆಯೂ ಇದೇ ವಿವೇಕದಿಂದ ಹುಟ್ಟಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದವರು ಸೀಳುಬಿದಿರಿನ ಕೋಲುಗಳನ್ನು ಮಾಡತೊಡಗಿದಾಗ ಬಳಸಿದ್ದು ಕಲ್ಕತ್ತೆಯಿಂದ ಹೋದ ನಮ್ಮ ಬಿದಿರನ್ನೆಂಬುದನ್ನು ಏರಿಯ ಮೇಲಿನ ಆ ಹುಡುಗರಿಗೆ ಯಾರಾದರೂ ಹೇಳಬೇಕು.

ಈ ವಿದ್ಯೆಯು ಪಶ್ಚಿಮದಿಂದ ಬಂದುದೆಂದು ತಿಳಿಯುವವರೂ ಇದ್ದಾರೆ. ಹೆನ್ರಿ ಸಲಿವನ್ ಥಾಮಸನೆಂಬ ಅಧಿಕಾರಿ ಬರೆದ, ಭಾರತದ ಗಾಳವಿದ್ಯೆಯ ಪ್ರಥಮ ಪ್ರಸಿದ್ಧ ಆಂಗ್ಲಗ್ರಂಥವು 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತೆಂಬುದು ನಿಜ. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ನನ ಗ್ರಂಥವು 1653ರದು. ಇವೆರಡಕ್ಕೂ ಶತಮಾನಗಳ ಹಿಂದೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಆನೆ, ಕುದುರೆ, ಪಾಕ, ಸಂಗೀತಗಳ ಜೊತೆಗೆ ಮೀನು ಹಿಡಿಯುವುದನ್ನೂ ರಾಜನು ಅರಿಯತಕ್ಕ ವಿದ್ಯೆಯೆಂದು ಎಣಿಸಿದ ಆ ದೊರೆಯು, ಕಡಲಿನ ಮೀನು ಯಾವುದು ಹೊಳೆಯದು ಯಾವುದು, ಹುರುಪೆಯುಳ್ಳದ್ದು ಯಾವುದು ಇಲ್ಲದ್ದು ಯಾವುದು ಎಂದು ಮೊದಲು ಜಾತಿಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ರುಚಿಸುವುದೆಂಬುದನ್ನು ಹೇಳುತ್ತಾನೆ. ಭಾರತೀಯ ಪ್ರಾಣಿಸರ್ವೇಕ್ಷಣದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ವಿದ್ವತ್ಪೂರ್ಣವಾಗಿ ಬರೆದರು. ನಾಸಿಕದ ಸೀಮೆಯನ್ನು ಸಿನ್ನರದಿಂದ ಆಳಿದ ಸೇವುಣರು ಆ ಚಾಲುಕ್ಯರ ಸಾಮಂತರಾಗಿದ್ದುದನ್ನು ನೆನೆದರೆ, ದಿಂಡೋರಿಯ ನೀರಿನಲ್ಲಿ ಯಾವ ಗಾಳ ನಡೆದೀತೆಂಬ ಪ್ರಶ್ನೆಯನ್ನು ಕಲ್ಯಾಣದ ಆ ಅರಸನ ಮುಂದಿಟ್ಟಿದ್ದರೂ ಅಸಂಗತವಾಗುತ್ತಿರಲಿಲ್ಲ.

ಆದರೆ ಉಪಕರಣ ಎಷ್ಟೇ ಉತ್ತಮವಾದರೂ ಮೀನಿರಬೇಕಷ್ಟೆ. ಕಾವೇರಿಯ ಗೂನುಬೆನ್ನಿನ ಮಹಸೀರು ಅಳಿವಿನ ಅಂಚಿನ ಜಾತಿಗಳ ಪಟ್ಟಿಯಲ್ಲಿ 2018ರಲ್ಲಿ ಅತ್ಯಂತ ಗಂಡಾಂತರದ ದರ್ಜೆಗೆ ಸೇರಿತು. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಲ್ಲಿ ನಡೆಯುತ್ತಿದ್ದ ಗಾಳದ ಆಟ ವನ್ಯಜೀವಿ ಕಾಯಿದೆಯ ಅನ್ವಯ ನಿಂತು ವರ್ಷಗಳಾದುವು. ಹಿಡಿದ ಮೀನನ್ನು ಅಳೆದು, ಬರೆದಿಟ್ಟು, ಬಿಟ್ಟುಬಿಡುತ್ತಿದ್ದ ಅಲ್ಲಿಯವರ ದಿನಚರಿಗಳೇ ಆ ಜಾತಿಯ ಕ್ಷಯವನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟವೆಂಬುದನ್ನು ನಿಷೇಧದ ಪಕ್ಷಪಾತಿಗಳು ಮರೆಯಬಾರದೆಂದು ನನಗೆ ತೋರುತ್ತದೆ. ಬಿಡುವ ಉದ್ದೇಶದಿಂದ ಹಿಡಿಯುವವನಿಗೆ ಗಟ್ಟಿಯಾದ ಸಲಕರಣೆಯೇ ಧರ್ಮ: ಸಪೂರ ನೂಲಿನಲ್ಲಿ ಗಂಟೆಗಟ್ಟಲೆ ಆಡಿಸಿ ದಣಿಸಿದ ಮೀನು ಬಿಟ್ಟ ಮೇಲೂ ಬದುಕದಿರಬಹುದು. ಸೂಕ್ಷ್ಮ ನೂಲೇ ಶೌರ್ಯವೆನ್ನುವವರ ಮಾತು ನನಗೆ ಎಂದೂ ರುಚಿಸಿಲ್ಲ.

ಮಿತ್ರರ ಮಗನಿಗೆ ನಾನು ಹೇಳಿದ್ದು ಇಷ್ಟು. ಏರಿಯ ಹಿಂದಿನ ನಿಂತ ನೀರಿನಲ್ಲಿ ಅವನಿಗೆ ದೊರೆಯುವುದು ಕಟ್ಲಾ, ರೋಹುಗಳಂಥ ಸಾತ್ವಿಕರು. ಹಲ್ಲಿಲ್ಲದ ಬಾಯಿ, ಮೆಲ್ಲನೆ ಹೀರಿಕೊಳ್ಳುವ ಅಭ್ಯಾಸ. ಆ ಮೃದುವಾದ ಸೆಳೆತವನ್ನು ಮಸ್ಕಿಯ ಒರಟು ಕೋಲಿನ ತುದಿ ಅರಿಯಲಾರದು, ಬೆಂಡು ಅಲುಗಿತೆಂದು ಕೈಗೆ ತಿಳಿಯುವಷ್ಟರಲ್ಲಿ ಹಿಟ್ಟಿನ ಉಂಡೆ ಖಾಲಿಯಾಗಿರುತ್ತದೆ. ತುದಿ ಬಾಗುವ, ಹತ್ತು ಅಡಿಯ ಹಗುರ ಕೋಲೊಂದು ಸಾಕು. ಕೈಯಲ್ಲಿ ಹಣವಿದ್ದರೆ ಮೊದಲು ಕೊಕ್ಕೆಗೆ, ಆಮೇಲೆ ನೂಲಿಗೆ, ಆಮೇಲೆ ರೀಲಿಗೆ, ಉಳಿದದ್ದು ಕೋಲಿಗೆ. ಅಂಗಡಿಯವನು ಈ ಕ್ರಮವನ್ನು ತಲೆಕೆಳಗಾಗಿಯೇ ಹೇಳುವನು. ನೀರಿಗಿಳಿಯುವ ಮುನ್ನ ಆ ಜಲಾಶಯದ ಮೀನಿನ ಗುತ್ತಿಗೆ ಯಾರದೆಂದು ವಿಚಾರಿಸಿಕೊಳ್ಳುವುದೂ ಒಳ್ಳೆಯದು.